ಹೇಜಲ್‌ನಟ್ ಸಿಪ್ಪೆಪುಡಿ: ನಾನು ಮಾಡುವ ಬಗೆ

ಹುರಿದ ಹೇಜಲ್‌ನಟ್ಟನ್ನು ಬಟ್ಟೆಯಲ್ಲಿ ಉಜ್ಜಿದಾಗ ಉದುರುವ ಕಂದು ಸಿಪ್ಪೆಯನ್ನು ನಾನು ಎಸೆಯುವುದಿಲ್ಲ. ಮರದಂತೆ ಗಟ್ಟಿಯಾಗಿರುವ ಹೊರಚಿಪ್ಪಿನ ಮಾತಲ್ಲ ಇದು. ಚಿಪ್ಪು ಒಡೆದ ಮೇಲೂ ತಿರುಳಿಗೆ ಅಂಟಿಕೊಂಡಿರುತ್ತದಲ್ಲ, ಆ ತೆಳು ಪೊರೆಯದ್ದು. ತೂಕದಲ್ಲಿ ಅದು ತಿರುಳಿನ ಶೇ. 2.5ರ ಆಸುಪಾಸು. ಒಂದು ಕಿಲೋ ಹುರಿದರೆ ಸಿಗುವುದು 25 ಗ್ರಾಂ, ಅದೂ ಎಲ್ಲ ಉದುರಿದರೆ. ಚಾಕೊಲೇಟಿಗೆಂದು ನಟ್ ಪೇಸ್ಟ್ ಅರೆಯುವ ನನ್ನಂಥವರ ಬಳಿ ಮಾತ್ರ ಇದು ಡಬ್ಬ ತುಂಬುವಷ್ಟು ಸೇರುತ್ತದೆ.

ಜಗತ್ತಿನ ಹೇಜಲ್‌ನಟ್‌ನಲ್ಲಿ ಅರ್ಧಕ್ಕೂ ಹೆಚ್ಚು ಬೆಳೆಯುವುದು ಟರ್ಕಿಯಲ್ಲಿ, ಮುಖ್ಯವಾಗಿ ಕಪ್ಪು ಸಮುದ್ರದ ದಂಡೆಯ ಒರ್ದು, ಗಿರೆಸುನ್ ಪ್ರಾಂತ್ಯಗಳಲ್ಲಿ. ಇಟಲಿಯೂ ದೊಡ್ಡ ಬೆಳೆಗಾರ ದೇಶ. ಕಾರ್ಖಾನೆಗಳಲ್ಲಿ ಬೀಳುವ ಸಿಪ್ಪೆಯ ರಾಶಿಯನ್ನು ಏನು ಮಾಡುವುದೆಂಬ ಸಂಶೋಧನೆಯಲ್ಲೂ ಈ ಎರಡು ದೇಶಗಳವರೇ ಮುಂದು. ಬ್ರೆಡ್ಡಿಗೆ, ಪಾಸ್ತಾಕ್ಕೆ, ಮೊಸರಿಗೆ ಬೆರೆಸಿ ನೋಡಿದ್ದಾರೆ. ಅವರ ವರದಿಗಳನ್ನು ಓದಿಯೇ ನಾನೂ ಕೈಹಾಕಿದ್ದು. ಸಿಪ್ಪೆಯ ತೂಕದಲ್ಲಿ ಅರ್ಧಕ್ಕೂ ಮಿಕ್ಕಿ ನಾರು. ಕಾಯಿಯಲ್ಲಿರುವ ಪಾಲಿಫೀನಾಲ್‌ಗಳ (ಆಂಟಿಆಕ್ಸಿಡೆಂಟ್ ಗುಣದ ಸಸ್ಯ ಸಂಯುಕ್ತಗಳು) ಬಹುಪಾಲು ಇರುವುದೂ ಈ ಪೊರೆಯಲ್ಲೇ, ಅದರಲ್ಲೂ ಪ್ರೊಆಂಥೋಸಯನಿಡಿನ್ ಎಂಬ ಟ್ಯಾನಿನ್ ಬಳಗ.

ಸಿಪ್ಪೆಯನ್ನು ಬಾಯಿಗೆ ಹಾಕಿಕೊಂಡರೆ ನಾಲಗೆ ಒಣಗಿ ಹಿಡಿದಂತಾಗುತ್ತದೆ. ಟ್ಯಾನಿನ್ ಎಂಜಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಬರುವ ಒಗರು ಅದು. ಅಡುಗೆಮನೆಯಲ್ಲಿ ನನಗೆ ದಾರಿ ತೋರಿಸಿದ್ದೂ ಇದೇ ಗುಣ. ಎಂಜಲಿನ ಪ್ರೋಟೀನಿಗೆ ಅಂಟುವುದು ಹಾಲಿನ ಪ್ರೋಟೀನಿಗೂ ಅಂಟುತ್ತದೆ. ಆದ್ದರಿಂದ ಈ ಪುಡಿ ನೀರಿನ ಜೊತೆ ಬಾಯಿಗಿಡಲಾಗದು. ಮೊಸರಿನಲ್ಲಿ ಕಲಸಿ ಸ್ವಲ್ಪ ಹೊತ್ತು ಬಿಟ್ಟರೆ ಸಲೀಸಾಗಿ ಇಳಿಯುತ್ತದೆ.

ಹುರಿಯುವುದು ಓವನ್‌ನಲ್ಲಿ, 150 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕಾಯಿ ಒಂದರ ಮೇಲೊಂದು ಬೀಳದಂತೆ ಹರಡಿ. ಕಾಲು ಗಂಟೆಯ ಹೊತ್ತಿಗೆ ಸಿಪ್ಪೆ ಬಿರಿದು ಒಳಗಿನ ತಿರುಳು ಹೊಂಬಣ್ಣಕ್ಕೆ ತಿರುಗುತ್ತದೆ. ಹುರಿದ ಹೇಜಲ್‌ನಟ್‌ಗೇ ಮೀಸಲಾದ ಆ ಘಮ ಏಳುವುದೂ ಆಗಲೇ. ಫಿಲ್ಬರ್ಟೋನ್ ಎಂಬ ಸಂಯುಕ್ತದ ಕೆಲಸ ಅದು. ಬಿಸಿಯಿರುವಾಗಲೇ ಬಟ್ಟೆಯಲ್ಲಿ ಕಟ್ಟಿಟ್ಟು, ಆಮೇಲೆ ಉಜ್ಜಿ, ದೊಡ್ಡ ಕಣ್ಣಿನ ಜರಡಿ ಹಿಡಿಯುತ್ತೇನೆ. ಕೆಲವು ತಳಿಗಳ ಸಿಪ್ಪೆ ಏನು ಮಾಡಿದರೂ ಪೂರ್ತಿ ಬಿಡುವುದಿಲ್ಲ. ಬಿಡದಿದ್ದರೆ ಇರಲಿ ಬಿಡಿ, ಗುದ್ದಾಡಬೇಡಿ. ಕಪ್ಪಾದ ಸಿಪ್ಪೆಯನ್ನು ಮಾತ್ರ ಆರಿಸಿ ಎಸೆಯಬೇಕು, ಒಂದಿಷ್ಟಿದ್ದರೂ ಇಡೀ ಪುಡಿಗೆ ಸುಟ್ಟ ಕಹಿ.

ಅಡುಗೆ ಸೋಡಾ ಹಾಕಿ ಕುದಿಸುವ ಇನ್ನೊಂದು ಉಪಾಯವಿದೆ. ಸಿಪ್ಪೆ ಬಲು ಚೊಕ್ಕವಾಗಿ ಜಾರುತ್ತದೆ. ಆದರೆ ನೀರು ಕಡುಗೆಂಪಾಗಿ, ಆಮೇಲೆ ಕಪ್ಪಾಗಿ ತಿರುಗುವುದನ್ನು ನೋಡಿದರೆ ಗೊತ್ತಾಗುತ್ತದೆ, ನನಗೆ ಬೇಕಾದದ್ದೆಲ್ಲ ಆ ನೀರಿನೊಂದಿಗೇ ಹೋಯಿತೆಂದು. ಬಿಳಿ ತಿರುಳು ಬೇಕಾದವರಿಗೆ ಸರಿ, ಸಿಪ್ಪೆ ಬೇಕಾದವರಿಗಲ್ಲ.

ಪುಡಿ ಮಾಡುವಾಗ ಒಂದು ತೊಡಕಿದೆ. ನೋಡಲು ಒಣ ಹೊಟ್ಟಿನಂತಿದ್ದರೂ ಸಿಪ್ಪೆಯಲ್ಲಿ ಎಣ್ಣೆಯಿದೆ. ಮಿಕ್ಸಿ ಬಿಸಿಯಾದರೆ ಗೋಡೆಗೆ ಮೆತ್ತಿಕೊಳ್ಳುತ್ತದೆ. ಮೊದಲೇ ಫ್ರೀಜರ್‌ನಲ್ಲಿಟ್ಟು, ಬಿಟ್ಟು ಬಿಟ್ಟು ತಿರುಗಿಸಿದರೆ ನುಣ್ಣಗಾಗುತ್ತದೆ. ಪುಡಿಯನ್ನು ಇಡುವುದೂ ಫ್ರೀಜರ್‌ನಲ್ಲೇ. ಗಾಳಿ ತಗಲುವ ಮೈ ಹೆಚ್ಚಾಗಿರುವುದರಿಂದ ಹೊರಗಿಟ್ಟ ಪುಡಿ ಇಡೀ ಕಾಯಿಗಿಂತ ಬೇಗ ಕಮಟುತ್ತದೆ. ತೆಗೆದಾಗಲೆಲ್ಲ ಮೂಸಿ ನೋಡಿ. ಹಳೆ ಎಣ್ಣೆಯ ವಾಸನೆ ಬಂದರೆ ಮುಲಾಜಿಲ್ಲದೆ ಚೆಲ್ಲಿ.

ಬ್ರೆಡ್ಡಿಗೆ ನಾನು 100 ಗ್ರಾಂ ಹಿಟ್ಟಿಗೆ 5 ಗ್ರಾಂ ಹಾಕುತ್ತೇನೆ, ಮೀರುವುದಿಲ್ಲ. ನಾರು ನೀರನ್ನು ಹೀರಿಕೊಂಡು ಹಿಟ್ಟನ್ನು ಬಿಗಿ ಮಾಡುತ್ತದೆ, ಹಿಟ್ಟಿಗೆ ಜಿಗುಟು ಕೊಡುವ ಗ್ಲುಟೆನ್ ಹೆಣೆದುಕೊಳ್ಳುವುದಕ್ಕೂ ಅಡ್ಡ ಬರುತ್ತದೆ. ಅದಕ್ಕೇ ಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿ, ಆರಿಸಿ, ಆಮೇಲೆ ಕಲಸುವುದು. ಇಷ್ಟು ಮಾಡಿದರೂ ಬ್ರೆಡ್ ಸಾದಾ ಬ್ರೆಡ್ಡಿನಷ್ಟು ಉಬ್ಬುವುದಿಲ್ಲ. 10 ಗ್ರಾಂಗೆ ಏರಿಸಿದರೆ ಇಟ್ಟಿಗೆಯೇ ಸರಿ. ಜೊತೆಗೆ ಕೋಕೋ ಬಣ್ಣ ಬಂದು, ತಿನ್ನುವವರು ಸಿಹಿ ನಿರೀಕ್ಷಿಸಿ ಮುಖ ಕಿವುಚುತ್ತಾರೆ. ನನ್ನ ಮಟ್ಟಿಗೆ ಇದರ ಅಸಲಿ ಜಾಗ ಕೋಕೋ ಬಿಸ್ಕತ್ತು. ಕೋಕೋದ ಮೂರನೇ ಒಂದು ಪಾಲು ತೆಗೆದು ಅದರ ಬದಲು ಸಿಪ್ಪೆಪುಡಿ ಹಾಕಿದರೆ ಕಹಿಯೂ ಒಗರೂ ಬೆಣ್ಣೆ ಸಕ್ಕರೆಯ ನಡುವೆ ಹದವಾಗಿ ಕೂರುತ್ತವೆ.

ಇನ್ನು ಆರೋಗ್ಯದ ಮಾತು. ‘ಆಂಟಿಆಕ್ಸಿಡೆಂಟ್ ಜಾಸ್ತಿಯಂತೆ?’ ಎಂದು ಕೇಳದವರಿಲ್ಲ. ಪ್ರಯೋಗನಳಿಕೆಯಲ್ಲಿ ಜಾಸ್ತಿಯೇ. ಆದರೆ ಆ ಅಳತೆ ದೇಹದೊಳಗೆ ಏನಾಗುತ್ತದೆಂದು ಹೇಳುವುದಿಲ್ಲ. ಅಮೆರಿಕದ ಕೃಷಿ ಇಲಾಖೆ ಆಹಾರಗಳ ಓಆರ್‌ಎಸಿ ಅಂಕಿಗಳ (ಪ್ರಯೋಗನಳಿಕೆಯಲ್ಲಿ ಅಳೆದ ಆಂಟಿಆಕ್ಸಿಡೆಂಟ್ ಬಲ) ಪಟ್ಟಿಯನ್ನು 2012ರಲ್ಲಿ ತೆಗೆದುಹಾಕಿದ್ದು ಈ ಕಾರಣಕ್ಕೇ; ಮಾರುವವರು ಅದನ್ನು ಮನಬಂದಂತೆ ಬಳಸುತ್ತಿದ್ದರು. ದೊಡ್ಡ ಪ್ರೊಆಂಥೋಸಯನಿಡಿನ್‌ಗಳು ಸಣ್ಣ ಕರುಳಿನಲ್ಲಿ ಹೆಚ್ಚಾಗಿ ಹೀರಲ್ಪಡುವುದೂ ಇಲ್ಲ, ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳ ಕೈಯಲ್ಲಿ ಒಡೆಯುತ್ತವೆ. ಸಿಪ್ಪೆಯ ಸಾರ ತಿನ್ನಿಸಿದ ಹ್ಯಾಮ್‌ಸ್ಟರ್‌ಗಳಲ್ಲಿ ಕೊಲೆಸ್ಟರಾಲ್ ಇಳಿದ ವರದಿಯಿದೆ. ಹ್ಯಾಮ್‌ಸ್ಟರ್‌ಗಳಿಗೆ ಒಳ್ಳೆಯದಾಯಿತು, ನನ್ನ ಬಿಸ್ಕತ್ತಿನ ಡಬ್ಬದ ಮೇಲೆ ಬರೆಯಲು ಅದು ಸಾಲದು.

ಮನುಷ್ಯರ ಮೇಲಿನ ಗಟ್ಟಿ ಅಧ್ಯಯನಗಳಿರುವುದು ಇಡೀ ನಟ್ ಬಗ್ಗೆ. ಮೆಡಿಟರೇನಿಯನ್ ಊಟದಿಂದ ಹೃದ್ರೋಗ ತಡೆಯಬಹುದೇ ಎಂದು ನೋಡಿದ ಸ್ಪೇನಿನ ಪ್ರೆಡಿಮೆಡ್ ಪ್ರಯೋಗದಲ್ಲಿ ಒಂದು ಗುಂಪಿಗೆ ದಿನಕ್ಕೆ 30 ಗ್ರಾಂ ನಟ್ಸ್ ಕೊಟ್ಟಿದ್ದರು: 15 ಗ್ರಾಂ ವಾಲ್‌ನಟ್, ಏಳೂವರೆ ಗ್ರಾಂ ಬಾದಾಮಿ, ಏಳೂವರೆ ಗ್ರಾಂ ಹೇಜಲ್‌ನಟ್. 2013ರ ಆ ವರದಿಯಲ್ಲಿ ಗುಂಪು ವಿಂಗಡಣೆಯ ಲೋಪಗಳು ಕಂಡದ್ದರಿಂದ 2018ರಲ್ಲಿ ಮತ್ತೆ ಲೆಕ್ಕಹಾಕಿ ಪ್ರಕಟಿಸಿದರು. ಹೃದ್ರೋಗ, ಪಾರ್ಶ್ವವಾಯು ಕಡಿಮೆಯಾದ ಫಲಿತಾಂಶ ಹೆಚ್ಚುಕಡಿಮೆ ಹಾಗೇ ಉಳಿಯಿತು. ಹಾಗೆಂದು ಆ ಲಾಭವನ್ನು ಸಿಪ್ಪೆಪುಡಿಯ ಖಾತೆಗೆ ಬರೆದುಕೊಳ್ಳುವುದು ನ್ಯಾಯವಲ್ಲ. ಒಂದು ಟೀ ಚಮಚ ಪುಡಿ ಸುಮಾರು 2 ಗ್ರಾಂ ತೂಗಿದರೆ ಅದರಲ್ಲಿ ನಾರು ಒಂದು ಗ್ರಾಂಗಿಂತ ತುಸು ಹೆಚ್ಚು. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಲೆಕ್ಕ ನೀವೇ ಹಾಕಿ.

ಬೂಷ್ಟಿನ ಸುಳಿವಿರುವ ಕಾಯಿಯ ಸಿಪ್ಪೆಯನ್ನು ನಾನು ಮುಟ್ಟುವುದೇ ಇಲ್ಲ. ಬೂಷ್ಟು ಬಿಡುವ ಅಫ್ಲಟಾಕ್ಸಿನ್ ಹುರಿದರೂ ಪೂರ್ತಿ ಹೋಗುವುದಿಲ್ಲ. ಅಲರ್ಜಿಯ ವಿಷಯದಲ್ಲಂತೂ ಇನ್ನೂ ಕಟ್ಟುನಿಟ್ಟು. ಬರ್ಚ್ ಮರದ ಪರಾಗ ಆಗದ ಕೆಲವರಿಗೆ ಹೇಜಲ್‌ನಟ್ ತಿಂದರೆ ಬಾಯಿ ತುರಿಸುತ್ತದೆ; ಇನ್ನು ಕೆಲವರಿಗೆ ಉಸಿರೇ ಕಟ್ಟುವಷ್ಟು ತೀವ್ರವಾಗುತ್ತದೆ, ಹುರಿದದ್ದಾದರೂ ಅಷ್ಟೆ. ಸಿಪ್ಪೆಗೆ ತಿರುಳಿನ ಚೂರು ಅಂಟಿಯೇ ಇರುತ್ತದೆ. ಬ್ರೆಡ್ಡಿನಲ್ಲಿ ಬೆರೆತ ಪುಡಿ ಕಣ್ಣಿಗೆ ಕಾಣುವುದೂ ಇಲ್ಲವಾದ್ದರಿಂದ, ಯಾರಿಗೇ ಕೊಡಲಿ, ತಟ್ಟೆ ಮುಂದಿಡುವ ಮೊದಲೇ ಇದರಲ್ಲಿ ಹೇಜಲ್‌ನಟ್ ಇದೆ ಎಂದು ಬಾಯಿಬಿಟ್ಟು ಹೇಳುತ್ತೇನೆ.