ಕಪ್ಪುಬಿಳುಪು ಫೋಟೋದಲ್ಲಿ ಕೆಂಪು ಹದ್ದು

ಹಾಸನದಲ್ಲಿ ಕಟ್ಟಿನಕೆರೆ ಮಾರುಕಟ್ಟೆ ಹತ್ತಿರ ನನ್ನ ಟೈಲರಿಂಗ್ ಅಂಗಡಿ. ಶಾಲೆ ಯೂನಿಫಾರ್ಮು, ಎನ್‌ಸಿಸಿ ಮಕ್ಕಳ ಡ್ರೆಸ್ಸು ನಿತ್ಯದ ಕೆಲಸ. ಅದರ ಜೊತೆಗೆ ಹಳೇ ಸೈನಿಕರ ಮನೆಯವರಿಗೆ, ಅಜ್ಜನೋ ಮುತ್ತಜ್ಜನೋ ತೋಳಿನ ಮೇಲೆ ಹಾಕಿಕೊಂಡಿದ್ದ ಬಟ್ಟೆ ಚಿಹ್ನೆಯನ್ನು ಫೋಟೋ ನೋಡಿ ಮತ್ತೆ ಹೊಲಿದು ಕೊಡುತ್ತೇನೆ. ಹೇಗೆ ಮಾಡ್ತೀರಿ ಅಂತ ತುಂಬಾ ಜನ ಕೇಳುತ್ತಾರೆ. ಅರಕಲಗೂಡು ಕಡೆಯ ಒಂದು ಮನೆಗೆ ಮಾಡಿಕೊಟ್ಟ ಕೆಲಸವನ್ನೇ ಹೇಳುತ್ತೇನೆ.

ಮೊಮ್ಮಗಳು ತಂದದ್ದು ಎರಡನೇ ಮಹಾಯುದ್ಧಕ್ಕೆ ಹೋಗಿದ್ದ ಅಜ್ಜನ ಒಂದು ಸಣ್ಣ ಕಪ್ಪುಬಿಳುಪು ಫೋಟೋ. ಖಾಕಿ ಅಂಗಿ, ತೋಳಿನ ಮೇಲೆ ಒಂದು ಕಪ್ಪು ಚೌಕ. "ಅಣ್ಣಾ, ಅದರಲ್ಲಿ ಏನೂ ಕಾಣಲ್ವಲ್ಲ, ಬರೀ ಕಪ್ಪು ಬಟ್ಟೆ ಹೊಲಿದುಬಿಡಿ" ಅಂದಳು.

ಇಲ್ಲೇ ನಿಲ್ಲಬೇಕು. ಆ ಕಾಲದ ಕೆಲವು ಫಿಲ್ಮುಗಳಿಗೆ ಕೆಂಪು ಬಣ್ಣ ಹಿಡಿಯುತ್ತಲೇ ಇರಲಿಲ್ಲ. ಕೆಂಪು ಕಪ್ಪಾಗಿ ಬೀಳುತ್ತಿತ್ತು, ನೀಲಿ ಬೆಳ್ಳಗೆ ಬೀಳುತ್ತಿತ್ತು. ಹಾಗಾಗಿ ಕಪ್ಪಿನ ಮೇಲೆ ಕೆಂಪು ಚಿಹ್ನೆ ಇದ್ದರೆ ಫೋಟೋದಲ್ಲಿ ಎರಡೂ ಒಂದೇ. ಡಿವಿಜನ್ ಅಂದರೆ ಸಾವಿರಾರು ಸೈನಿಕರ ದೊಡ್ಡ ಪಡೆ. ಎರಡನೇ ಮಹಾಯುದ್ಧದಲ್ಲಿ ನಮ್ಮ ಭಾರತೀಯ ಸೇನೆಯ 4ನೇ ಡಿವಿಜನ್‌ದು ಕಪ್ಪಿನ ಮೇಲೆ ಕೆಂಪು ಹದ್ದು, 5ನೇ ಡಿವಿಜನ್‌ದು ಕಪ್ಪಿನ ಮೇಲೆ ಕೆಂಪು ಚೆಂಡು. ಫೋಟೋ ಒಂದನ್ನೇ ನಂಬಿದರೆ ಯಾವುದು ಅಂತ ಹೇಳೋದು ಹೇಗೆ?

ಅದಕ್ಕೇ ನಾನು ಮೊದಲು ಪದಕ ಕೇಳುತ್ತೇನೆ. ಆ ಯುದ್ಧದ ನಕ್ಷತ್ರ ಪದಕಗಳನ್ನು ಇಂಗ್ಲೆಂಡಿನ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟರು. ನಮ್ಮವರದ್ದರ ಹಿಂಬದಿಗೆ ನಂಬರು, ಹುದ್ದೆ, ಹೆಸರು, ದಳ ಒತ್ತಿರುತ್ತಾರೆ. ದಯವಿಟ್ಟು ಅದನ್ನು ಹುಣಸೆಹಣ್ಣು ಹಾಕಿ ಉಜ್ಜಿ ತರಬೇಡಿ, ಅಕ್ಷರ ಸವೆದು ಹೋಗುತ್ತೆ. ಈ ಮನೆಯಲ್ಲಿ ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್ ಎರಡೂ ಇದ್ದವು, ಬರ್ಮಾ ಸ್ಟಾರ್ ಇರಲಿಲ್ಲ. 5ನೇ ಡಿವಿಜನ್ ಆಫ್ರಿಕಾ ಮುಗಿಸಿ ಬರ್ಮಾ ಕಡೆಗೆ ಹೋಯಿತು, 4ನೆಯದು ಇಟಲಿಗೆ ಹೋಯಿತು. ಟ್ರಂಕಿನ ತಳದಲ್ಲಿದ್ದ ಡಿಸ್ಚಾರ್ಜ್ ಪುಸ್ತಕ (ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ದಾಖಲೆ) ತರಿಸಿ ನೋಡಿದರೆ ಮದ್ರಾಸ್ ಸ್ಯಾಪರ್ಸ್, ಅಂದರೆ ಸೇನೆಯ ಎಂಜಿನಿಯರ್ ದಳ, 12ನೇ ಫೀಲ್ಡ್ ಕಂಪನಿ. ಅದು 4ನೇ ಡಿವಿಜನ್ ಜೊತೆ ಇದ್ದ ಕಂಪನಿ. ಅಂದರೆ ಕೆಂಪು ಹದ್ದು. 1941ರಲ್ಲಿ ಆಫ್ರಿಕಾದ ಕೆರೆನ್, 1944ರಲ್ಲಿ ಇಟಲಿಯ ಕಸ್ಸಿನೋ, ಅಲ್ಲೆಲ್ಲಾ ಕಾದಾಡಿದ ಡಿವಿಜನ್ ಅದು ಅಂತ ಹೇಳಿದಾಗ ಆ ಹುಡುಗಿ ಪುಸ್ತಕವನ್ನು ಕೈಯಿಂದ ಕೆಳಗೆ ಇಡಲೇ ಇಲ್ಲ.

ಅಜ್ಜನ ಹೆಸರು, ಡಿವಿಜನ್ ನಂಬರು ಕೆಳಗೆ ಹೊಲಿಯಿರಿ ಅಂತ ಮನೆಯವರು ಕೇಳಿದರು. ಬೇಡ ಅಂದೆ. ಈ ಚಿಹ್ನೆಗಳ ಗುಟ್ಟೇ ಅದು: ನಮ್ಮವರಿಗೆ ದೂರದಿಂದ ಗೊತ್ತಾಗಬೇಕು, ಶತ್ರುವಿಗೆ ಓದಲು ಏನೂ ಸಿಗಬಾರದು. ಮೊದಲ ಮಹಾಯುದ್ಧದಲ್ಲಿ ಕೆನಡಾದವರು ಬರೀ ಬಣ್ಣದ ತುಂಡುಗಳಲ್ಲೇ ಇದನ್ನು ಪೂರ್ತಿ ಮಾಡಿದ್ದರು. ಕೆಂಪು ಆಯತ ಅಂದರೆ 1ನೇ ಡಿವಿಜನ್, ನೀಲಿ ಅಂದರೆ 2ನೆಯದು. ಅದರ ಮೇಲಿನ ಸಣ್ಣ ತುಂಡಿನ ಬಣ್ಣ ಡಿವಿಜನ್ ಒಳಗಿನ ಬ್ರಿಗೇಡ್ ಹೇಳುತ್ತಿತ್ತು, ಆಕಾರ ಬ್ರಿಗೇಡ್ ಒಳಗಿನ ಬೆಟಾಲಿಯನ್ ಹೇಳುತ್ತಿತ್ತು: ವೃತ್ತ, ಅರ್ಧವೃತ್ತ, ತ್ರಿಕೋನ, ಚೌಕ. ಒಂದಕ್ಷರ ಬರೆಯದೆ ಇಷ್ಟೆಲ್ಲಾ ಹೇಳಬಹುದು ಅನ್ನೋದು ನನಗೆ ಈಗಲೂ ಬಹಳ ಇಷ್ಟ.

ಇನ್ನು ಹೊಲಿಗೆ. ಅಳತೆಗೆ ಫೋಟೋದಲ್ಲಿ ಅಂಗಿ ಜೇಬಿನ ಮುಚ್ಚಳ ಎಷ್ಟು ಅಗಲ, ಚೌಕ ಎಷ್ಟು ಅಗಲ ಅಂತ ಸ್ಕೇಲ್ ಇಟ್ಟು ನೋಡಿ ಲೆಕ್ಕ ಹಾಕುತ್ತೇನೆ. ಸ್ಯಾಟಿನ್ ಬೇಡವೇ ಬೇಡ, ಮಿಂಚುತ್ತೆ. ಕಪ್ಪಿಗೆ ಉಣ್ಣೆ ಬ್ಲೇಜರ್ ಬಟ್ಟೆ ತಗೊಂಡೆ, ಕೆಂಪಿಗೆ ದಪ್ಪ ಫೆಲ್ಟ್. ಹದ್ದಿನ ರೆಕ್ಕೆಯ ತುದಿ ಸಣ್ಣ ಸಣ್ಣ ಗರಿಯಾಗಿ ಒಡೆಯುತ್ತೆ, ಕತ್ತರಿ ಅಲ್ಲಿ ಜಾರಿದರೆ ಹದ್ದು ಪಾರಿವಾಳ ಆಗುತ್ತೆ. ಅದಕ್ಕೆ ರೆಕ್ಕೆಯನ್ನು ಪೂರ್ತಿ ಕತ್ತರಿಸುವುದಿಲ್ಲ. ದೇಹ, ಕತ್ತು ಮಾತ್ರ ಫೆಲ್ಟಿನಲ್ಲಿ ಕತ್ತರಿಸಿ, ಗರಿಗಳನ್ನು ಅದೇ ಕೆಂಪು ದಾರದಲ್ಲಿ ಹೊರಮುಖವಾಗಿ ಒತ್ತೊತ್ತಾಗಿ ಕೈಯಲ್ಲೇ ತುಂಬುತ್ತೇನೆ. ಮೆಷಿನ್ ಕಸೂತಿ ತುಂಬಾ ಸಮ ಬರುತ್ತೆ. ಆಗ ಇಂಥ ಚಿಹ್ನೆಗಳು ಎಷ್ಟೋ ಬಜಾರಿನ ದರ್ಜಿಗಳ ಕೈಯಲ್ಲೇ ಆದವು, ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಹಿಂದೆ ಟಿಚ್ ಬಟನ್ ಹಾಕಿದೆ, ಖಾಕಿ ಅಂಗಿ ಒಗೆಯೋಕೆ ಕೊಡುವಾಗ ಚಿಹ್ನೆ ತೆಗೆದಿಡಲಿ ಅಂತ ಆಗಲೂ ಹಾಗೆ ಮಾಡುತ್ತಿದ್ದರು.

ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿ ಹಳೇದರ ಹಾಗೆ ಮಾಡಿಕೊಡಿ ಅಂತ ಕೆಲವರು ಕೇಳುತ್ತಾರೆ. ಮಾಡಲ್ಲ. ಹಿಂಬದಿಗೆ ಹೊಲಿದ ವರ್ಷವನ್ನೂ ದಾರದಲ್ಲೇ ಹಾಕುತ್ತೇನೆ, ಮುಂದೆ ಯಾರೂ ಇದನ್ನು ಅಸಲಿ ಅಂತ ಮಾರಬಾರದು ನೋಡಿ. ಹಾಗೆಯೇ ಈಗಿನ ಸೇನೆಯ ಕಾಂಬ್ಯಾಟ್ ಡ್ರೆಸ್ಸಿನ ಚಿಹ್ನೆ ಮಾಡಿಕೊಡಿ ಅಂತ ಬಂದರೆ, ಗುರುತಿನ ಚೀಟಿ ಇಲ್ಲದಿದ್ದರೆ ವಾಪಸ್ ಕಳಿಸುತ್ತೇನೆ. ಕೆಂಪು ಹದ್ದು ಇವತ್ತಿಗೂ 4ನೇ ಡಿವಿಜನ್‌ನ ಚಿಹ್ನೆ, ಅದನ್ನು ಹಾಕಿಕೊಂಡು ಕೆಲಸ ಮಾಡುತ್ತಿರುವವರಿದ್ದಾರೆ. ಸುಮ್ನೆ ಶೋಕಿಗೆ ತೋಳಿಗೆ ಹಚ್ಚಿಕೊಳ್ಳೋ ವಸ್ತು ಅಲ್ಲ.

ಫ್ರೇಮ್ ಹಾಕಿಸುವಾಗ ಅಂಟು ಹಚ್ಚಬೇಡಿ. ಖಾಕಿ ಬಟ್ಟೆ ಹಿಂದಿಟ್ಟು ನಾಲ್ಕು ಮೂಲೆಗೆ ಒಂದೊಂದು ಟಾಕಾ ಹಾಕಿ, ಗಾಜು ಚಿಹ್ನೆಗೆ ತಾಗದ ಹಾಗೆ ಇರಲಿ. ಬಿಸಿಲು ಬೀಳುವ ಗೋಡೆ ಬೇಡ, ಕೆಂಪು ಬೇಗ ಮಾಸುತ್ತೆ.