ಕುದುರೆಗೆ ಹೆಂಪ್ ಬೀಜ: ಯಾವುದು, ಎಷ್ಟು, ಹೇಗೆ

ಹೆಂಪ್ (ಗಾಂಜಾ ಜಾತಿಯದೇ, ಆದರೆ ಅಮಲು ಬರಿಸದ ತಳಿ) ಕೊಳ್ಳುವ ಮುಂಚೆ ಕುದುರೆ ತಿನ್ನುವ ಹುಲ್ಲಿನ ಲೆಕ್ಕ ಹಾಕಿ. 500 ಕೆಜಿ ತೂಗುವ, ಹೆಚ್ಚು ಕೆಲಸವಿಲ್ಲದ ಕುದುರೆಗೆ ದಿನಕ್ಕೆ ಸುಮಾರು 630 ಗ್ರಾಂ ಪ್ರೊಟೀನ್ ಸಾಕು. 10 ಕೆಜಿ ಒಣಹುಲ್ಲು ತಿಂದರೆ, ಅದರಲ್ಲಿ ಪ್ರೊಟೀನ್ ಬರೀ ಶೇ. 8 ಇದ್ದರೂ, 800 ಗ್ರಾಂ ಸಿಕ್ಕಿಬಿಡುತ್ತದೆ. ಹಾಗಿರುವಾಗ ಸುಮ್ನೆ ಒಳ್ಳೆಯದಂತೆ ಅಂತ ಹೆಂಪ್ ಸುರಿಯುವುದರಲ್ಲಿ ಅರ್ಥವಿಲ್ಲ. ಕಾರಣ ಬೇಕು. ಹಸಿ ಹುಲ್ಲು ಸಿಗದೆ ವರ್ಷವೆಲ್ಲ ಒಣಹುಲ್ಲಲ್ಲೇ ಇದೆ, ಮೈಕೂದಲು ಒರಟಾಗಿದೆ, ಅಥವಾ ಕಾಳು ಕಡಿಮೆ ಮಾಡಿ ಬೇರೆ ಕಡೆಯಿಂದ ಶಕ್ತಿ ಕೊಡಬೇಕಾಗಿದೆ, ಇವೆಲ್ಲ ಕಾರಣಗಳು. ಕುದುರೆ ಸುಮ್ಮನೆ ಸೊರಗುತ್ತಿದ್ದರೆ ಮಾತ್ರ ಮೊದಲು ಹಲ್ಲು ನೋಡಿಸಿ, ಜಂತು ಇದೆಯಾ ಪರೀಕ್ಷೆ ಮಾಡಿಸಿ.

ಹೆಂಪ್ ಅಂದರೆ ಒಂದೇ ಪದಾರ್ಥ ಅಲ್ಲ. ಇಡೀ ಬೀಜದಲ್ಲಿ ಸುಮಾರು ಶೇ. 30 ಎಣ್ಣೆ, ಶೇ. 25 ಪ್ರೊಟೀನ್ ಇರುತ್ತದೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಪ್ರೊಟೀನ್ ಶೇ. 30ಕ್ಕೂ ಮೇಲೆ ಹೋಗುತ್ತದೆ, ನಾರೂ ಜಾಸ್ತಿ. ಸಿಪ್ಪೆ ತೆಗೆದ ತಿರುಳು ರುಚಿಯಾಗಿರುತ್ತದೆ, ಆದರೆ ದುಬಾರಿ, ಕುದುರೆಗೆ ಅಷ್ಟು ನಾಜೂಕು ಬೇಕಾಗಿಲ್ಲ ಅಂತ ನನ್ನ ಅನಿಸಿಕೆ. ಇಡೀ ಬೀಜ ಕೊಡುವುದಾದರೆ ಆಯಾ ಹೊತ್ತಿಗೆ ಜಜ್ಜಿ ಕೊಡಿ. ಬೀಜ ಚಿಕ್ಕದು, ಸಿಪ್ಪೆ ಗಟ್ಟಿ, ಹಾಗೇ ಕೊಟ್ಟರೆ ಒಂದಷ್ಟು ನೇರ ಲದ್ದಿಗೇ ಬರುತ್ತದೆ. ಅನುಮಾನ ಇದ್ದರೆ ಮಾರನೇ ದಿನ ಒಂದು ಲದ್ದಿ ಉಂಡೆ ಒಡೆದು ನೋಡಿ.

ಎಣ್ಣೆಯ ವಿಷಯದಲ್ಲಿ ಅವಸರ ಬೇಡವೇ ಬೇಡ. ಕುದುರೆಗೆ ಪಿತ್ತಕೋಶ ಇಲ್ಲ, ಪಿತ್ತರಸ ಸಣ್ಣಗೆ ಸುರಿಯುತ್ತಲೇ ಇರುತ್ತದೆ, ಹಾಗಾಗಿ ಎಣ್ಣೆ ಅರಗಿಸಿಕೊಳ್ಳುವುದು ಅದಕ್ಕೆ ಗೊತ್ತು, ಆದರೆ ಆ ಅಭ್ಯಾಸಕ್ಕೆ ಎರಡು ಮೂರು ವಾರ ಹಿಡಿಯುತ್ತದೆ. ಮೊದಲ ದಿನ 15 ಮಿಲಿ, ಅಂದರೆ ಒಂದು ದೊಡ್ಡ ಚಮಚ, ಸಾಕು. ಮೂರು ನಾಲ್ಕು ದಿನಕ್ಕೊಮ್ಮೆ ಇನ್ನೊಂದು ಚಮಚ ಏರಿಸುತ್ತಾ, 500 ಕೆಜಿ ಕುದುರೆಗೆ 60ರಿಂದ 100 ಮಿಲಿವರೆಗೆ ಹೋಗಬಹುದು. ಒಂದೇ ಸಲ ಸುರಿಯದೆ ಎರಡು ಹೊತ್ತಿಗೆ ಹಂಚಿ. ಲದ್ದಿ ಸಡಿಲಾಗಿ ಜಿಡ್ಡು ಜಿಡ್ಡಾದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. 100 ಮಿಲಿ ಎಣ್ಣೆಯಲ್ಲಿ 800 ಕಿಲೋಕ್ಯಾಲರಿಗೂ ಜಾಸ್ತಿ ಶಕ್ತಿ ಇದೆ, ಆಗಲೇ ದಪ್ಪಗಿರುವ ಅಥವಾ ಲ್ಯಾಮಿನೈಟಿಸ್ (ಗೊರಸಿನ ಒಳಗಿನ ಉರಿಯೂತ) ಬಂದು ಹೋದ ಕುದುರೆಗೆ ಇದು ಬೇಡ. ಎಣ್ಣೆ ಜಾಸ್ತಿ ಆದಷ್ಟೂ ವಿಟಮಿನ್ ಇ ಹೆಚ್ಚು ಬೇಕಾಗುತ್ತದೆ, 100 ಮಿಲಿಗೆ ಸುಮಾರು 100ರಿಂದ 150 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಘಟಕ) ಲೆಕ್ಕದಲ್ಲಿ ಸೇರಿಸಿ.

ಒಮೆಗಾ-3 ಅಂತಲೇ ಹೆಂಪ್ ಹುಡುಕುತ್ತಿದ್ದೀರಾ? ಹಾಗಾದರೆ ಅಗಸೆಯೇ ಮೇಲು. ಹೆಂಪ್ ಎಣ್ಣೆಯಲ್ಲಿ ಒಮೆಗಾ-6 ಮೂರು ಪಾಲಿದ್ದರೆ ಒಮೆಗಾ-3 ಒಂದು ಪಾಲು, ಅಗಸೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಮೆಗಾ-3ಯೇ. ಹೆಂಪ್‌ನಲ್ಲಿ ಇರುವ ವಿಶೇಷ ಅಂದರೆ ಒಂಚೂರು ಗಾಮಾ ಲಿನೋಲೆನಿಕ್ ಆಮ್ಲ, ಅಪರೂಪದ ಒಂದು ಬಗೆಯ ಒಮೆಗಾ-6. ಆದರೂ ಮೆಕ್ಕೆಜೋಳದ ಎಣ್ಣೆ, ಸೂರ್ಯಕಾಂತಿ ಎಣ್ಣೆಗೆ ಹೋಲಿಸಿದರೆ ಹೆಂಪ್ ಎಷ್ಟೋ ವಾಸಿ, ಅವುಗಳಲ್ಲಿ ಒಮೆಗಾ-3 ಹೆಸರಿಗೆ ಮಾತ್ರ.

ಹಿಂಡಿಯಾದರೆ 50 ಗ್ರಾಂನಿಂದ ಶುರು ಮಾಡಿ ಎರಡು ವಾರದಲ್ಲಿ 200–300 ಗ್ರಾಂಗೆ ತನ್ನಿ. ಅಳತೆ ಡಬ್ಬವನ್ನು ನಂಬಬೇಡಿ, ಒಮ್ಮೆ ತೂಕ ಮಾಡಿ ಗುರುತು ಹಾಕಿಕೊಳ್ಳಿ. ಪುಡಿ ಒಣಗಿದ್ದರೆ ಕುದುರೆ ಊದಿ ಹಾರಿಸಿ, ಮೂಗಿಗೆಲ್ಲ ಮೆತ್ತಿಕೊಂಡು ಮುಖ ತಿರುಗಿಸಿಬಿಡುತ್ತದೆ, ಆದ್ದರಿಂದ ನೀರು ಚಿಮುಕಿಸಿ ಕಲಸಿ. 300 ಗ್ರಾಂನಲ್ಲಿ ಸಿಗುವುದು 90 ಗ್ರಾಂ ಆಸುಪಾಸು ಪ್ರೊಟೀನ್ ಅಷ್ಟೇ, ಅದರಲ್ಲೂ ಬೆಳವಣಿಗೆಗೆ ಬೇಕಾದ ಲೈಸಿನ್ ಎಂಬ ಅಮೈನೋ ಆಮ್ಲ ಸೋಯಾದಲ್ಲಿ ಇರುವಷ್ಟು ಇಲ್ಲ. ಬೆಳೆಯುವ ಮರಿಗೆ, ಹಾಲೂಡುವ ಹೆಣ್ಣು ಕುದುರೆಗೆ ಇದನ್ನೇ ನೆಚ್ಚಿಕೊಳ್ಳಬೇಡಿ.

ಇನ್ನೊಂದು ಮಾತು, ಹೆಂಪ್‌ನಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ. 200 ಗ್ರಾಂನಿಂದ ಏನೂ ಆಗುವುದಿಲ್ಲ, ಆದರೆ ಜೊತೆಗೆ ಬೂಸಾ, ಓಟ್ಸ್ ಕೂಡ ಹಾಕುತ್ತಿದ್ದರೆ ಎಲ್ಲವೂ ಒಂದೇ ಕಡೆ ವಾಲುತ್ತವೆ. ಒಟ್ಟು ಆಹಾರದಲ್ಲಿ ಕ್ಯಾಲ್ಸಿಯಂ ರಂಜಕಕ್ಕಿಂತ ಕೆಳಗೆ ಇಳಿಯಬಾರದು. ಸ್ವಲ್ಪ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು, ಕ್ಯಾಲ್ಸಿಯಂ ಜಾಸ್ತಿ ಇರುವಂಥದ್ದು) ಸೇರಿಸಿದರೆ ಸರಿಹೋಗುತ್ತದೆ.

ಬಾಟಲಿ ಮೇಲಿನ ಚೀಟಿ ಸರಿಯಾಗಿ ಓದಿ. ಬೀಜದ ಎಣ್ಣೆ ಬೇರೆ, ಹೂವು ಎಲೆಯಿಂದ ತೆಗೆಯುವ ಸಿಬಿಡಿ (ಈ ಗಿಡದ ಒಂದು ರಾಸಾಯನಿಕ, ಕ್ಯಾನಬಿಡಿಯಾಲ್) ಎಣ್ಣೆ ಬೇರೆ. ಬೀಜದ ಒಳಗೆ ಟಿಎಚ್‌ಸಿ, ಅಂದರೆ ಅಮಲು ತರುವ ಅಂಶ, ತಯಾರಾಗುವುದಿಲ್ಲ, ಆದರೆ ಗಿಡದ ಅಂಟು ಸಿಪ್ಪೆಗೆ ಹತ್ತಿಕೊಂಡು ಚೂರುಪಾರು ಬರಬಹುದು. ಲಾಯದಲ್ಲಿ ನಿಂತಿರುವ ಕುದುರೆಗೆ ಅದರಿಂದ ತೊಂದರೆ ಆಗುವ ಮಾತಿಲ್ಲ, ಸ್ಪರ್ಧೆಗೆ ಹೋಗುವ ಕುದುರೆಯ ರಕ್ತ, ಮೂತ್ರ ಪರೀಕ್ಷೆಯಲ್ಲಿ ಸಿಕ್ಕರೆ ಮಾತ್ರ ಕಷ್ಟ. ಕುದುರೆ ಕ್ರೀಡೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಇಐ ಪಟ್ಟಿಯಲ್ಲಿ ಟಿಎಚ್‌ಸಿ ನಿಷಿದ್ಧ. ಸ್ಪರ್ಧೆಯ ಕುದುರೆಗೆ ನಾನಂತೂ ಹೆಂಪ್ ಕೊಡುವುದಿಲ್ಲ, ಕೊಡಲೇಬೇಕೆಂದರೆ ಪ್ರತಿ ಬ್ಯಾಚ್‌ನ ಲ್ಯಾಬ್ ವರದಿ ಕೇಳಿ ಪಡೆಯಿರಿ. ಪಶು ಆಹಾರವಾಗಿ ಮಾರಲು ಅನುಮತಿ ಇದೆಯೋ ಇಲ್ಲವೋ ಅನ್ನುವುದೂ ದೇಶದಿಂದ ದೇಶಕ್ಕೆ ಬೇರೆ.

ಎಣ್ಣೆಯನ್ನು ಕಪ್ಪು ಬಾಟಲಿಯಲ್ಲಿ, ತಂಪಾದ ಕಡೆ ಇಡಿ, ಚಿಕ್ಕ ಬಾಟಲಿಯನ್ನೇ ತನ್ನಿ. ತಾಜಾ ಎಣ್ಣೆ ಹಸಿರಾಗಿ, ಹುರಿಯದ ಬೀಜದ ಹಾಗೆ ಘಮಿಸುತ್ತದೆ. ಮುಚ್ಚಳ ತೆಗೆದ ಕೂಡಲೇ ಕಮಟು ವಾಸನೆ ಬಂದರೆ ಚೆಲ್ಲಿಬಿಡಿ. ಕೂದಲಿನ ಹೊಳಪು ನೋಡಲು ಒಂದೂವರೆ, ಎರಡು ತಿಂಗಳು ಕಾಯಬೇಕು. ಆ ಮಧ್ಯೆ ಬೇರೇನೂ ಹೊಸದು ಶುರು ಮಾಡಬೇಡಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ ಅಲ್ವಾ. ಮೇವು ಬಿಟ್ಟು ನೆಲ ಕೆರೆಯುವುದು, ಹೊಟ್ಟೆಯ ಕಡೆ ತಿರುತಿರುಗಿ ನೋಡುವುದು ಕಂಡರೆ ಹೆಂಪ್ ನಿಲ್ಲಿಸಿ ಆಗಲೇ ಪಶುವೈದ್ಯರಿಗೆ ಫೋನ್ ಮಾಡಿ.