ನಾನೇ ಕಟ್ಟಿದ ವಿಮಾನದ ವಾರ್ಷಿಕ ತಪಾಸಣೆ: ನನ್ನ ಅನುಭವ

ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ, ಕಾರವಾರದ ಬೈತಖೋಲದಲ್ಲಿ ಬೋಟುಗಳ ದುರಸ್ತಿ ನಡೆಯುತ್ತದೆ. ಅಲ್ಲಿ ನನಗೆ ಪರಿಚಯವಿರುವ ಹಿರಿಯ ಕೆಲಸಗಾರರೊಬ್ಬರು ಮೊದಲ ದಿನ ಉಳಿಯನ್ನಾಗಲಿ ಬಣ್ಣದ ಡಬ್ಬಿಯನ್ನಾಗಲಿ ಮುಟ್ಟುವುದಿಲ್ಲ. ಟಾರ್ಚ್ ಹಿಡಿದು ಬೋಟಿನ ಸುತ್ತ ನಡೆಯುತ್ತ, ಹಲಗೆಯ ಸಂದುಗಳನ್ನು ಬೆರಳಿನಿಂದ ತಡವುತ್ತ, ಅನುಮಾನ ಬಂದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕುತ್ತ ಹೋಗುತ್ತಾರೆ. ನೋಡುವ ಕೆಲಸವನ್ನೂ ಸರಿಪಡಿಸುವ ಕೆಲಸವನ್ನೂ ಬೇರೆಯಾಗಿಡಬೇಕೆಂದು ನಾನು ಕಲಿತದ್ದು ಅವರಿಂದ.

ನನ್ನದು ಎರಡು ಆಸನಗಳ ಆರ್‌ವಿ-9ಎ, ಲೈಕಮಿಂಗ್ ಓ-320 ಎಂಜಿನ್. ಅಮೆರಿಕದಲ್ಲಿ ನೆಲೆಸಿದ್ದಾಗ ಮನೆಯ ಗ್ಯಾರೇಜಿನಲ್ಲಿ ಕಟ್ಟಿದೆ. ಈಗ ವರ್ಷದ ಹೆಚ್ಚು ಭಾಗ ಕೋಡಿಬಾಗದಲ್ಲಿರುತ್ತೇನೆ. ವಿಮಾನ ಫ್ಲಾರಿಡಾದಲ್ಲಿದೆ, ಪಾಲುದಾರ ಗೆಳೆಯರು ಹಾರಿಸುತ್ತಾರೆ, ಪ್ರತಿ ಜನವರಿಯಲ್ಲಿ ತಪಾಸಣೆಗೆಂದು ನಾನು ಹೋಗುತ್ತೇನೆ. ಅಲ್ಲಿನ ನಿಯಮದಂತೆ ಮನೆಯಲ್ಲಿ ಕಟ್ಟಿದ ವಿಮಾನವನ್ನು 12 ತಿಂಗಳಿಗೊಮ್ಮೆ, ವಿಮಾನಯಾನ ನಿಯಮಾವಳಿಯ ಪಾರ್ಟ್ 43ರ ಅಪೆಂಡಿಕ್ಸ್ ಡಿ ಹೇಳುವ ವ್ಯಾಪ್ತಿಯಲ್ಲಿ ಪರೀಕ್ಷಿಸಬೇಕು. ಈ ತಪಾಸಣೆಯನ್ನು ತಾನೇ ಮಾಡಲು ಅಧಿಕಾರ ಕೊಡುವ ರಿಪೇರ್‌ಮನ್ ಪ್ರಮಾಣಪತ್ರ ಕಟ್ಟಿದವನಿಗೇ ಸಿಗುತ್ತದೆ, ಅದು ಆ ಒಂದು ವಿಮಾನಕ್ಕೆ ಮಾತ್ರ. ಈ ಸ್ವಾತಂತ್ರ್ಯದಲ್ಲೇ ಅಪಾಯವೂ ಇದೆ: ಕಟ್ಟಿದವನ ಕಣ್ಣಿಗೆ ಕಾಣುವುದು ತಾನು ಮಾಡಬೇಕೆಂದುಕೊಂಡದ್ದು, ಎದುರಿಗಿರುವುದಲ್ಲ.

ಮೂರನೆಯ ವರ್ಷ ಇದು ಮನವರಿಕೆಯಾಯಿತು. ಆಯಿಲ್ ಕೂಲರಿನ ಹೋಸ್ ಎಂಜಿನ್ ಮೌಂಟಿನ ಕೊಳವೆಗೆ ಉಜ್ಜಿ ಉಜ್ಜಿ, ಹೊರಗಿನ ಹೆಣಿಗೆ ಉಗುರಿನಗಲ ಸವೆದು ಒಳಗಿನ ರಬ್ಬರ್ ಕಾಣುತ್ತಿತ್ತು. ಹಿಂದಿನ ವರ್ಷದ ಫೋಟೋ ತೆಗೆದು ನೋಡಿದರೆ ಆ ಗುರುತು ಆಗಲೇ ಇತ್ತು! ಅಂದು ನಾನು ಅದರ ಪಕ್ಕದಲ್ಲೇ ಒಂದು ಸಡಿಲ ಕ್ಲ್ಯಾಂಪನ್ನು ಬಿಗಿ ಮಾಡಿದ್ದೆ. ಸ್ಪ್ಯಾನರ್ ತರಲು ಹೋಗಿ ಬರುವಷ್ಟರಲ್ಲಿ ಎಲ್ಲಿಯವರೆಗೆ ನೋಡಿದ್ದೆನೆಂಬುದು ಮರೆತುಹೋಗಿತ್ತು.

ಅಂದಿನಿಂದ ಮೊದಲ ಎರಡು ದಿನ ಮುಚ್ಚಳಗಳನ್ನು ಬಿಚ್ಚುವುದು, ನೋಡುವುದು, ಬರೆಯುವುದು, ಇಷ್ಟೇ. ತೊಳೆಯುವುದೂ ಇಲ್ಲ, ಏಕೆಂದರೆ ಕೊಳೆಯೇ ಸಾಕ್ಷಿ. ನೀಲಿ ಕಲೆಯಿದ್ದರೆ 100ಎಲ್‌ಎಲ್ ಎಂಬ ನೀಲಿ ಬಣ್ಣದ ವಿಮಾನ ಇಂಧನ ಜಿನುಗುತ್ತಿದೆ. ಎಕ್ಸಾಸ್ಟ್ ಜೋಡಣೆಯ ಬಳಿ ಬೂದು ಪುಡಿಯಿದ್ದರೆ ಅನಿಲ ಸೋರುತ್ತಿದೆ. ರಿವೆಟ್ಟಿನ ಹಿಂದೆ ಕಪ್ಪು ಹೊಗೆಯಂಥ ಗೆರೆಯಿದ್ದರೆ ಆ ರಿವೆಟ್ ಅಲುಗಾಡುತ್ತಿದೆ. ಫ್ಲಾರಿಡಾದ ಗಾಳಿಯೂ ನಮ್ಮ ಕರಾವಳಿಯ ಗಾಳಿಯಂತೆ ಉಪ್ಪಿನದು. ವಿಮಾನದ ಮೈಗೆ ಬಳಸುವ ಅಲ್‌ಕ್ಲ್ಯಾಡ್ ಎಂಬ ಮಿಶ್ರಲೋಹದ ಹಾಳೆಯ ಮೇಲಿನ ಶುದ್ಧ ಅಲ್ಯೂಮಿನಿಯಂ ಪದರ ಅದನ್ನು ಕಾಪಾಡುತ್ತದೆ, ಆದರೆ ಕತ್ತರಿಸಿದ ಅಂಚಿನಲ್ಲೂ ಕೊರೆದ ತೂತಿನಲ್ಲೂ ಆ ಪದರವಿರುವುದಿಲ್ಲ. ಆದ್ದರಿಂದ ಸವಕಳಿಯ ಗುರುತಾದ ಬಿಳಿ ಪುಡಿಯನ್ನು ಹುಡುಕಬೇಕಾದದ್ದು ಅಲ್ಲಿ.

ಸಿಲಿಂಡರಿನಿಂದ ಗಾಳಿ ಎಷ್ಟು ಸೋರುತ್ತದೆಂದು ಅಳೆಯುವ ಕಂಪ್ರೆಶನ್ ಪರೀಕ್ಷೆಯನ್ನು ಎಂಜಿನ್ ಬಿಸಿಯಿರುವಾಗಲೇ ಮಾಡುತ್ತೇನೆ. ಸಿಲಿಂಡರಿಗೆ 80 ಪಿಎಸ್‌ಐ ಒತ್ತಡದ ಗಾಳಿ ಬಿಟ್ಟಾಗ ಪ್ರೊಪೆಲ್ಲರ್ ತಿರುಗಿ ಕೈಯನ್ನೇ ಮುರಿಯಬಹುದು, ಆದ್ದರಿಂದ ಅದನ್ನು ಗಟ್ಟಿಯಾಗಿ ಹಿಡಿಯಲು ಇನ್ನೊಬ್ಬರು ಇರಲೇಬೇಕು. ಕಳೆದ ಬಾರಿ ಆ 80ರಲ್ಲಿ ಮೂರು ಸಿಲಿಂಡರುಗಳು 76ರ ಆಸುಪಾಸಿನಷ್ಟನ್ನು ಹಿಡಿದಿಟ್ಟುಕೊಂಡಿದ್ದವು, ನಾಲ್ಕನೆಯದು 68. ಇಂಥಲ್ಲಿ ಗೇಜಿಗಿಂತ ಕಿವಿ ಹೆಚ್ಚು ಹೇಳುತ್ತದೆ: ಎಕ್ಸಾಸ್ಟ್ ಕೊಳವೆಯಲ್ಲಿ ಸುಯ್ಯೆಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬ್ಯುರೇಟರಿನಲ್ಲಾದರೆ ಇನ್‌ಟೇಕ್ ವಾಲ್ವ್, ಆಯಿಲ್ ತುಂಬುವ ಬಾಯಿಯಲ್ಲಾದರೆ ಪಿಸ್ಟನ್ ರಿಂಗ್. ಸದ್ದು ಆಯಿಲ್ ಬಾಯಿಯಲ್ಲಿತ್ತು. ಆತುರಪಟ್ಟು ಸಿಲಿಂಡರ್ ಬಿಚ್ಚಲಿಲ್ಲ. ಒಂದು ಗಂಟೆ ಹಾರಿಸಿ ಮತ್ತೆ ಅಳೆದಾಗ 74ಕ್ಕೆ ಏರಿತ್ತು. ಆಯಿಲ್ ಫಿಲ್ಟರನ್ನು ಕತ್ತರಿಸಿ, ಮಡಿಕೆ ಮಡಿಕೆ ಬಿಡಿಸಿ ನೋಡಿದಾಗಲೂ ಲೋಹದ ಚೂರು ಸಿಗಲಿಲ್ಲ.

ನಿಯಂತ್ರಣ ವ್ಯವಸ್ಥೆಯ ಬೋಲ್ಟು, ಕಾಟರ್ ಪಿನ್ನು, ಜಾಮ್ ನಟ್ಟುಗಳನ್ನು ಮಾತ್ರ ನಾನೊಬ್ಬನೇ ನೋಡಿ ಮುಗಿಸುವುದಿಲ್ಲ. ಅದೇ ನಿಲ್ದಾಣದಲ್ಲಿ ವಿಮಾನ ಕಟ್ಟಿರುವ ಇನ್ನೊಬ್ಬರಿಗೆ ಟಾರ್ಚನ್ನೂ ಕನ್ನಡಿಯನ್ನೂ ಕೊಟ್ಟು ನಾನು ಹೊರಗೆ ನಿಲ್ಲುತ್ತೇನೆ, ಅವರ ವಿಮಾನಕ್ಕೆ ನಾನು ಅದನ್ನೇ ಮಾಡುತ್ತೇನೆ. ಒಮ್ಮೆ ಅವರು ಬಾಲದ ಎಲಿವೇಟರನ್ನು ಅಲುಗಿಸುವ ಪುಶ್‌ರಾಡಿನಲ್ಲಿ ಸಡಿಲವಾದ ಜಾಮ್ ನಟ್ ಹಿಡಿದರು. ನಟ್ ಸರಿದರೆ ತಿಳಿಯಲೆಂದು ಅದರ ಮೇಲೆ ನಾನೇ ಎಳೆದ ಹಳದಿ ಗೆರೆ ಬಿರುಕು ಬಿಟ್ಟಿದ್ದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮೂರನೆಯ ದಿನ ದುರಸ್ತಿ ಶುರುವಾಗುತ್ತದೆ, ಪಟ್ಟಿಯ ಕೊನೆಯ ಸಾಲಿಗೆ ಗೆರೆ ಎಳೆದ ಮೇಲಷ್ಟೇ ಲಾಗ್‌ಬುಕ್ಕಿನಲ್ಲಿ ಸಹಿ ಮಾಡುತ್ತೇನೆ. ಬಳಿಕ ಒಬ್ಬನೇ, ರನ್‌ವೇ ಕೈಗೆಟಕುವಷ್ಟು ದೂರದಲ್ಲೇ ಅರ್ಧ ಗಂಟೆ ಹಾರಿ, ಇಳಿದ ತಕ್ಷಣ ಎಂಜಿನ್ನಿನ ಹೊರಮುಚ್ಚಳವಾದ ಕೌಲಿಂಗ್ ತೆಗೆದು, ಬಿಚ್ಚಿ ಜೋಡಿಸಿದ ಪ್ರತಿಯೊಂದು ಕೀಲಿನ ಕೆಳಗೆ ಬಿಳಿ ಬಟ್ಟೆ ಒತ್ತಿ ಎಣ್ಣೆಯ ಕಲೆ ಹತ್ತುತ್ತದೆಯೇ ಎಂದು ನೋಡುತ್ತೇನೆ.